ಹಲ್ಲಿಲ್ಲದ ಆರೋಪಿ

ಅಂಚೆಯವನ ಮಗಳು ಅಟ್ರಾಕ್ಟಾ ಗೆರಾಟಿ ಮೇಯೋ ಸೀಮೆಯ ಸಣ್ಣ ಕೋರ್ಟುಗಳಲ್ಲಿ ಇಪ್ಪತ್ಮೂರು ವರ್ಷ ನ್ಯಾಯಾಧೀಶೆಯಾಗಿದ್ದರು. ಕಣ್ಣಾರೆ ನೋಡಬಹುದಾದದ್ದನ್ನು ನೋಡದೆ ತೀರ್ಪು ಕೊಟ್ಟವರಲ್ಲ.

ಒಮ್ಮೆ, ಮುದುಕಿ ಡೀಲಿಯಾಳ ನಾಯಿ ತನ್ನ ಕುರಿಗಳನ್ನು ಕಚ್ಚಿ ಕೊಂದಿತೆಂದು ನೆರೆಯ ಫೆಸ್ಟಸ್ ದೂರು ಕೊಟ್ಟ. ದೂರು ನಿಜವಾದರೆ ನಾಯಿಗೆ ಸಾವೇ ಗತಿ.

"ಅದಕ್ಕೆ ಹಲ್ಲೇ ಇಲ್ಲ, ತಾಯಿ!" ಎಂದು ಡೀಲಿಯಾ ಅತ್ತಳು.

"ನಂಬ್ಬೇಡಿ ಮೇಡಂ, ಅದು ಶುದ್ಧ ತೋಳ," ಎಂದ ಫೆಸ್ಟಸ್.

"ಕರ್ಕೊಂಬನ್ನಿ, ನೋಡೇಬಿಡೋಣ."

ಹೊರಗೆ ಕಾರಿನಲ್ಲಿದ್ದ ನಾಯಿಯನ್ನು ಒಳಗೆ ತಂದರು. ಅಟ್ರಾಕ್ಟಾ ಪೀಠದಿಂದಿಳಿದು ಅದರ ಬಾಯಿಗೆ ಕೈಯಿಟ್ಟರು. ಬೆರಳಿಗೆ ಸಿಕ್ಕಿದ್ದು ಮೆತ್ತನೆಯ ಒಸಡು ಮಾತ್ರ.

"ಬಾರಪ್ಪ ಫೆಸ್ಟಸ್, ನಿನ್ ತೋಳದ ಬಾಯಿಗೆ ನೀನೂ ಕೈಯಿಟ್ಟು ನೋಡು."

ಫೆಸ್ಟಸ್ ತಲೆ ತಗ್ಗಿಸಿದ. ಕೋರ್ಟೆಲ್ಲ ನಗುತ್ತಿರುವಾಗ ಅವರು ದೂರನ್ನು ವಜಾ ಮಾಡಿ, ಒದ್ದೆ ಕೈಯನ್ನು ಕಪ್ಪು ನಿಲುವಂಗಿಗೆ ಒರೆಸಿಕೊಂಡು, ಮುಂದಿನ ಕೇಸು ಕೂಗಿಸಿದರು.