ತಂತಿಯಣ್ಣನ ನಿಧಾನದ ಡಿಸ್ಕು

ಕಣ್ಣು ಕಾಣದವರಿಗಾಗಿ ಪುಸ್ತಕ ಮಾಡುವ ಆ ಎರಡಂತಸ್ತಿನ ಕಟ್ಟಡದಲ್ಲಿ ಸದ್ದು ಮಾಡುವವರೆಲ್ಲ ಕೆಳಗೆ, ಸದ್ದಿಗೆ ಹೆದರುವವರೆಲ್ಲ ಮೇಲೆ. ಕೆಳಗೆ ಎಮ್ಮೆಯಷ್ಟು ದಪ್ಪದ ಅಚ್ಚಿನ ಯಂತ್ರ. ಗಟ್ಟಿ ಕಾಗದದ ಮೇಲೆ ಬೆರಳಿಗೆ ಸಿಗುವ ಉಬ್ಬು ಚುಕ್ಕೆಗಳನ್ನು ಧಡ್ ಧಡ್ ಎಂದು ಒತ್ತುವುದು ಅದರ ಕೆಲಸ. ಮೇಲೆ, ಕಟ್ಟಡದ ಇನ್ನೊಂದು ತುದಿಯಲ್ಲಿ, ಗೋಡೆಗೆಲ್ಲ ಮೆತ್ತೆ ಹೊದಿಸಿದ ಪುಟ್ಟ ಕೋಣೆ. ಅಲ್ಲಿ ಕೂತು ಯಾರಾದರೂ ಪುಸ್ತಕ ಓದಿದರೆ ಆ ದನಿ ಯಂತ್ರಕ್ಕಿಳಿದು, ಓದಲಾಗದವರ ಕಿವಿಗೆ ಹೋಗುತ್ತಿತ್ತು. ಈ ಮೇಲಕ್ಕೂ ಕೆಳಕ್ಕೂ ದಿನವಿಡೀ ಓಡಾಡುತ್ತಿದ್ದವನು ತಂತಿಯಣ್ಣ.

ಮೀಸೆ ಚಿಗುರುವ ವಯಸ್ಸಿನಲ್ಲಿ ಕಟ್ಟಡಕ್ಕೆ ಕರೆಂಟಿನ ತಂತಿ ಎಳೆಯಲು ಬಂದವನು, ಕೆಲಸ ಮುಗಿದ ಮೇಲೂ ಹೋಗಲೇ ಇಲ್ಲ. ಫ್ಯಾನು ನಿಂತಿತು ಎಂದರೆ ಅವನು, ಮೈಕು ಗೊರಗುಟ್ಟಿತು ಎಂದರೆ ಅವನು. ಓದಿದ್ದನ್ನೆಲ್ಲ ಕೂಡಿಡುವ ಸರ್ವರ್ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದವರು ಬೇರೆ ಕಡೆ ಹೋಗುವಾಗ, ‘ನೀನು ಕಲಿಯುತ್ತೀಯ’ ಎಂದು ಅದನ್ನೂ ಅವನ ತಲೆಗೇ ಕಟ್ಟಿ ಹೋದರು. ಆ ಸರ್ವರನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ತಂತ್ರಾಂಶ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ಮೊದಮೊದಲು ಹೆದರಿದ್ದ. ಆಮೇಲೆ ಹೆಂಡತಿಗೆ ಹೇಳುತ್ತಿದ್ದ:

“ಒಳ್ಳೇ ಸ್ವಭಾವ ಕಣೇ ಅದರದ್ದು. ಕೇಳಿದ್ದಕ್ಕಷ್ಟೇ ಉತ್ತರ, ಮೇಲೊಂದು ಮಾತಿಲ್ಲ. ನಿಮ್ಮಪ್ಪನ ಹಾಗೆ.”

“ನಮ್ಮಪ್ಪ ನಿಮ್ಮನ್ನ ಕಂಡ ಮೇಲೇ ಮಾತು ಬಿಟ್ಟಿದ್ದು” ಎನ್ನುತ್ತಿದ್ದಳು ಅವಳು.

ಕೂದಲು ನೆರೆತ ಮೇಲೂ ಅವನ ಬಾಯಲ್ಲಿ ‘ಆಗಲ್ಲ’ ಎಂಬ ಮಾತು ಬಂದಿದ್ದನ್ನು ಕೇಳಿದವರಿಲ್ಲ. ಏನೇ ಕೆಟ್ಟರೂ ‘ನೋಡೋಣ’ ಎನ್ನುವನು. ಆ ‘ನೋಡೋಣ’ಕ್ಕೆ ಒಮ್ಮೆ ಒಂದು ಗಂಟೆ ಹಿಡಿಯುತ್ತಿತ್ತು, ಒಮ್ಮೆ ಒಂದು ವಾರ. ಕಾಯುವುದು ಅವನಿಗೆ ಕಷ್ಟವಾಗಿ ಕಂಡಿದ್ದೇ ಇಲ್ಲ, ಟೀಚರಮ್ಮನ ಗಂಟಲು ಕೆಡುವವರೆಗೆ.

ಟೀಚರಮ್ಮ ಶಾಲೆಯಿಂದ ನಿವೃತ್ತಿಯಾದ ಮೇಲೆ ಓದಲು ಬಂದವರು. ಅವರ ದನಿಯಲ್ಲಿ ಇಳಿದ ಪುಸ್ತಕಕ್ಕೆ ಕೇಳುವವರು ಸಾಲುಗಟ್ಟುತ್ತಿದ್ದರು. ಈಗ ಓದುತ್ತಿದ್ದದ್ದು ಒಂದು ದೊಡ್ಡ ಕಾದಂಬರಿ: ಒಂದು ಮನೆ, ಮೂವರು ಸೊಸೆಯಂದಿರು, ಯಾರಿಗೂ ಬಗ್ಗದ ಅತ್ತೆ. ಮುಗಿದ ಭಾಗಗಳು ಆಗಲೇ ಕೇಳುವವರ ಕೈಗೆ ಹೋಗಿದ್ದವು. ದೂರದ ಅಜ್ಜಿಯೊಬ್ಬರು ಫೋನು ಮಾಡಿ, “ನಡುವಿನ ಸೊಸೆ ಮನೆಗೆ ವಾಪಸ್ ಬಂದ್ಲೇನಪ್ಪ? ನನಗೊಬ್ಬಳಿಗೆ ಹೇಳು, ಯಾರಿಗೂ ಹೇಳಲ್ಲ” ಎಂದು ತಂತಿಯಣ್ಣನನ್ನು ಪೀಡಿಸುತ್ತಿದ್ದರು.

ಅಷ್ಟರಲ್ಲಿ ಡಾಕ್ಟರು ಟೀಚರಮ್ಮನ ಗಂಟಲಲ್ಲಿ ಗೆಡ್ಡೆಯೊಂದನ್ನು ಕಂಡರು. ತೆಗೆಯಲೇಬೇಕು, ತೆಗೆದ ಮೇಲೆ ದನಿ ಉಳಿದರೆ ಪುಣ್ಯ ಎಂದರು. ಆಪರೇಷನ್ನಿಗೆ ದಿನ ಗೊತ್ತಾಯಿತು. ಅದಕ್ಕೆ ಮುಂಚೆ ಕಾದಂಬರಿ ಮುಗಿಸುತ್ತೇನೆಂದು ಟೀಚರಮ್ಮ ಹಟ ಹಿಡಿದರು. ದಿನಕ್ಕೆ ಬೆಳಗಿನ ಹೊತ್ತು ಒಂದಿಷ್ಟು ಓದಿದರೆ ಗಂಟಲು ಕಟ್ಟುತ್ತಿತ್ತು. ಆಮೇಲೆ ಮರುದಿನವೇ.

“ಅರ್ಧದಲ್ಲಿ ದನಿ ಬದಲಾದ್ರೆ ಕೇಳೋವ್ರಿಗೆ ಆ ಮನೇನೇ ಬದಲಾದ ಹಾಗೆ ಕಣಪ್ಪ” ಎಂದರು. “ಲೆಕ್ಕ ಸರಿಯಾಗಿದೆ. ದಿನಾ ಓದಿದ್ರೆ ಮುಗಿಯುತ್ತೆ. ಒಂದು ದಿನಾನೂ ತಪ್ಪಬಾರದು.”

ಸರಿಯಾಗಿ ಆಗಲೇ ದನಿ ಹಿಡಿಯುವ ಯಂತ್ರ ಕೈಕೊಟ್ಟಿತು.

ಟೀಚರಮ್ಮ ಓದುತ್ತಿದ್ದಾರೆ, ಕೋಣೆಯ ಗಾಜಿನ ಕಿಟಕಿಯಾಚೆ ತಂತಿಯಣ್ಣ ಕೂತಿದ್ದಾನೆ, ಪರದೆಯ ಮೇಲೆ ದನಿಯ ಗೆರೆ ಕುಣಿಯುತ್ತಿದೆ. ಇದ್ದಕ್ಕಿದ್ದಂತೆ ಗೆರೆ ಹೆಪ್ಪುಗಟ್ಟಿದಂತೆ ನಿಂತುಬಿಟ್ಟಿತು. ‘ಬರೆದುಕೊಳ್ಳಲು ಆಗುತ್ತಿಲ್ಲ’ ಎಂಬ ಅಕ್ಷರ ಮೂಡಿತು. ಓದಿದ್ದು ಗಾಳಿಗೆ ಹೋಯಿತು.

“ತಡೀರಿ ಟೀಚರಮ್ಮ, ಇನ್ನೊಂದ್ಸಲ.”

ಅವರು ಮತ್ತೆ ಓದಿದರು. ಅದೇ ಪುಟದ ತುದಿಯಲ್ಲಿ ಮತ್ತೆ ನಿಂತಿತು. ಮೂರನೆಯ ಸಲಕ್ಕೆ ಅವರ ಗಂಟಲು ಒಡೆದ ಬಿದಿರಿನಂತಾಗಿತ್ತು. ತಂತಿಯಣ್ಣ ಫೋನಿನಲ್ಲಿ ಹಿಡಿಯೋಣವೆಂದ. ಹಿಡಿದದ್ದನ್ನು ಕೇಳಿಸಿಕೊಂಡ ಟೀಚರಮ್ಮ ಮುಖ ಕಿವುಚಿದರು. “ಕೊಡದೊಳಗೆ ತಲೆ ಹಾಕಿ ಮಾತಾಡಿದ ಹಾಗಿದೆ. ಅವರೆಲ್ಲ ಗಂಟೆಗಟ್ಟಲೆ ಕಿವಿಗಿಟ್ಟುಕೊಳ್ಳೋವ್ರು. ಬೇಡ.”

ಸದ್ದಿನ ವಿಷಯದಲ್ಲಿ ಆ ಕಟ್ಟಡದವರದು ಅತಿ ಮಡಿವಂತಿಕೆ. ಓದುವ ಕೋಣೆಯ ಕಂಪ್ಯೂಟರಿಗೆ ಫ್ಯಾನೂ ಇಲ್ಲ, ಸ್ವಂತ ಡಿಸ್ಕೂ ಇಲ್ಲ. ಎರಡೂ ಗುಯ್‌ಗುಟ್ಟುತ್ತವೆಂದು ತೆಗೆಸಿದ್ದರು. ದನಿಯೆಲ್ಲ ತಂತಿಯಲ್ಲಿ ಹರಿದು ನೇರವಾಗಿ ಸರ್ವರಿಗೇ ಹೋಗಬೇಕು. ಆ ಸರ್ವರೂ ಮೊದಲು ಮೇಲೆಯೇ ಇತ್ತು. ಅದರ ಉಸಿರಾಟ ಓದಿನೊಳಗೆ ಸೇರುತ್ತಿದೆ ಎಂದು ಟೀಚರಮ್ಮ, ಉಳಿದ ಓದುಗರು, ತಂತಿಯಣ್ಣ ಎಲ್ಲರೂ ಕೂತು ಮಾತಾಡಿ, ಕೆಲವು ವಾರಗಳ ಹಿಂದೆ ಅದನ್ನು ಕೆಳಗೆ ಅಚ್ಚಿನ ಕೋಣೆಯ ಮೂಲೆಗೆ ಸಾಗಿಸಿದ್ದರು. ಅಲ್ಲಿ ಹೇಗೂ ಸದ್ದು ಇದ್ದೇ ಇರುತ್ತದಲ್ಲ. ಆಗ ಕಾಗದ ಬಂದಿರಲಿಲ್ಲವಾಗಿ ದೊಡ್ಡ ಯಂತ್ರ ಮಲಗಿತ್ತು. ಈಗ ಕಾಗದ ಬಂದು, ಪರೀಕ್ಷೆಯ ಪುಸ್ತಕಗಳ ಅಚ್ಚು ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಿತ್ತು.

ತಂತಿಯಣ್ಣ ‘ನೋಡೋಣ’ ಎಂದು ಕೂತ. ಪರೀಕ್ಷೆಯ ಕಾಲ, ಎಲ್ಲರೂ ಕಡತಗಳನ್ನು ಎಳೆದಾಡುತ್ತಾರೆ, ಹೊರೆ ಹೆಚ್ಚಾಗಿರಬೇಕು ಎಂದುಕೊಂಡ. ನೋಡಿದರೆ ಹೊರೆ ಅಷ್ಟೇನೂ ಇರಲಿಲ್ಲ. ಸರ್ವರಿನ ಮಿದುಳು ಸುಮ್ಮನೆ ಕೂತಿತ್ತು. ಮೇಲಿನಿಂದ ಬರುವ ತಂತಿ ಬದಲಿಸಿದ, ಅದೂ ಅಲ್ಲ. ಕೊನೆಗೆ ಡಿಸ್ಕುಗಳಿಗೆ ಬಂದ.

ಅವು ಆರು. ಒಂದು ಕೆಟ್ಟರೂ ಉಳಿದವು ಕಾಪಾಡಲೆಂದು ಆರನ್ನೂ ಒಟ್ಟಿಗೆ ಕಟ್ಟಿದ್ದರು. ಬಂದ ದನಿಯನ್ನು ತುಂಡುತುಂಡಾಗಿ ಎಲ್ಲವೂ ಹಂಚಿಕೊಂಡು ಬರೆದುಕೊಳ್ಳಬೇಕು. ಹೀಗಾಗಿ ಒಂದು ತಡಮಾಡಿದರೆ ಮಿಕ್ಕ ಐದೂ ಕೈಕಟ್ಟಿ ನಿಲ್ಲಬೇಕು. ಯಾವ ಡಿಸ್ಕು ಎಷ್ಟು ಹೊತ್ತು ಕಾಯಿಸುತ್ತಿದೆ ಎಂದು ಲಿನಕ್ಸನ್ನು ಕೇಳಿದ. ಅದು ಸಾಲಾಗಿ ಹೇಳಿತು. ಎಲ್ಲವೂ ಕೊಂಚ ನಿಧಾನವೇ. ಆದರೆ ಗೋಡೆ ಕಡೆಯ ಕೊನೆಯ ಡಿಸ್ಕಿನ ಅಂಕಿ ಮಾತ್ರ ಮುಗಿಲಿಗೆ ಏರಿತ್ತು. ‘ಆರೋಗ್ಯ ಹೇಗಿದೆ’ ಎಂದು ಕೇಳಿದರೆ, ಸರಿಯಾಗಿದ್ದೇನೆ ಎನ್ನುತ್ತಿತ್ತು ಆ ಡಿಸ್ಕು.

“ಸುಳ್ಳು ಹೇಳ್ತಿದೆ” ಎಂದ ತಂತಿಯಣ್ಣ. “ಒಳಗೊಳಗೇ ಸಾಯ್ತಿದೆ.”

ಮರುದಿನದವರೆಗೆ ನೋಡಬಹುದಿತ್ತು. ಟೀಚರಮ್ಮನ ಮುಖ ಕಣ್ಣಮುಂದೆ ಬಂತು. ಎಂದೂ ಅವಸರ ಮಾಡದವನು ಅಂದು ಮಾಡಿದ. ಆ ಡಿಸ್ಕನ್ನು ಕಿತ್ತು ಹೊಸದನ್ನು ಕೂರಿಸಿದ. ಹೊಸಬ ಬಂದಾಗ ಉಳಿದ ಐದೂ ತಮ್ಮ ತಮ್ಮದನ್ನು ಓದಿ ಹೇಳಿ, ಹಳಬ ಇಟ್ಟುಕೊಂಡಿದ್ದದ್ದನ್ನೆಲ್ಲ ಅವನಿಗೆ ತುಂಬಿಕೊಡಬೇಕು. ಅದು ಮುಗಿಯುವತನಕ ಸರ್ವರು ಆಮೆ. ರಾತ್ರಿ ಬೀಗ ಹಾಕುವಾಗ ಸರ್ವರನ್ನು ಆರಿಸುವುದು ವಾಡಿಕೆಯಾಗಿ, ಸಂಜೆಗೆ ಮುಗಿಯಬೇಕಾಗಿದ್ದ ಆ ಕೆಲಸ ಎರಡು ದಿನ ತೆವಳಿತು. ಎರಡೂ ದಿನ ಟೀಚರಮ್ಮ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಬಂದರು, ಬೆಂಚಿನ ಮೇಲೆ ಕೂತರು, ಬಿಸಿನೀರು ಕುಡಿದು ವಾಪಸಾದರು.

ಎಲ್ಲ ತುಂಬಿ ಮುಗಿದ ಮೇಲೆ ನೋಡಿದರೆ, ಹೊಚ್ಚಹೊಸ ಡಿಸ್ಕಿನ ಅಂಕಿಯೂ ಮುಗಿಲಲ್ಲೇ ಇತ್ತು. ತಂತಿಯಣ್ಣ ಕಿತ್ತಿಟ್ಟಿದ್ದ ಹಳೆಯ ಡಿಸ್ಕನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

ಆ ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದ. ಹೆಂಡತಿ ಕೇಳಿದಳು. ಹೇಳಿದ.

“ಅವರಿಗೆ ಹೇಳಿದ್ರಾ? ಎರಡು ದಿನ ಹಾಳಾಗಿದ್ದು ನಿಮ್ಮಿಂದ ಅಂತ?”

“ಯಂತ್ರ ಕೆಟ್ಟಿದೆ ಅಂತ ಹೇಳಿದೀನಿ.”

“ಅದು ನಾನು ಕೇಳಿದ್ದಕ್ಕೆ ಉತ್ತರ ಅಲ್ಲ ರೀ.”

ಅವನು ತಟ್ಟೆ ಎತ್ತಿಟ್ಟು ಕೈ ತೊಳೆದ. ಮಲಗಿದ ಮೇಲೂ ಒಂದೇ ಯೋಚನೆ. ಹಳಬನಿಗೆ ಇದ್ದ ಕಾಯಿಲೆ ಹೊಸಬನಿಗೆ ಬಂದ ಗಳಿಗೆಯಲ್ಲೇ ಹೇಗೆ ಅಂಟಿತು? ಇಬ್ಬರಲ್ಲೂ ಒಂದಾಗಿದ್ದದ್ದು ಏನು? ಕೂತ ಜಾಗ. ಅಷ್ಟು ತಿಳಿಯಿತು. ಜಾಗಕ್ಕೆ ಏನಾಗಿದೆ ಎಂಬುದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆಯೇ ಸರ್ವರಿನ ಮುಂದೆ ಸ್ಟೂಲು ಹಾಕಿ ಕೂತ. ಕಾವು ಹೆಚ್ಚಿದೆಯೇ ನೋಡಿದ, ಇಲ್ಲ. ಡಿಸ್ಕಿನ ಹಿಂದಿನ ತಂತಿ ಬದಲಿಸಿದ, ವ್ಯತ್ಯಾಸವಿಲ್ಲ. ಅಂಕಿಗಳು ಉರುಳುತ್ತಲೇ ಇದ್ದವು. ಮಧ್ಯಾಹ್ನ ಅಚ್ಚಿನ ಯಂತ್ರ ನಡೆಸುವ ಮಾಮ, ಎಲ್ಲರೂ ಅವನನ್ನು ಅಚ್ಚಿನ ಮಾಮ ಎಂದೇ ಕರೆಯುವುದು, ಗುಂಡಿ ಒತ್ತಿ ಯಂತ್ರ ನಿಲ್ಲಿಸಿ ಬುತ್ತಿ ಬಿಚ್ಚಿದ.

“ಬಾರಯ್ಯ, ಎರಡು ತುತ್ತು ತಿನ್ನು. ಅದನ್ನ ಹಾಗೆ ಗುರಾಯಿಸಿದ್ರೆ ನಾಚಿಕೊಂಡು ಓಡುತ್ತಾ?”

“ಬಂದೆ ಮಾಮ” ಎಂದು ಏಳಲು ಹೋದವನು ಹಾಗೇ ನಿಂತ. ಮುಗಿಲಲ್ಲಿದ್ದ ಅಂಕಿ ನೆಲಕ್ಕಿಳಿದಿತ್ತು. ಆರೂ ಡಿಸ್ಕುಗಳು ಒಂದೇ ತಾಯಿಯ ಮಕ್ಕಳಂತೆ ಒಂದೇ ಸಮ ಓಡುತ್ತಿದ್ದವು.

“ಮಾಮ, ಯಂತ್ರ ಶುರು ಮಾಡು.”

“ತುತ್ತು ಬಾಯಲ್ಲಿದೆ!”

“ಅಗೀತಾನೇ ಮಾಡು.”

ಮಾಮ ಗೊಣಗುತ್ತ ಎಡಗೈಯಲ್ಲಿ ಗುಂಡಿ ಒತ್ತಿದ. ಧಡ್ ಧಡ್. ಅಂಕಿ ಏರಿತು. “ನಿಲ್ಲಿಸು.” ಇಳಿಯಿತು. “ಶುರು ಮಾಡು.” ಏರಿತು. ಇನ್ನೊಂದು ಸಲ ಎನ್ನುವಷ್ಟರಲ್ಲಿ ಮಾಮ ಬುತ್ತಿಯ ಮುಚ್ಚಳ ಎತ್ತಿ, “ಇದನ್ನ ಎಸೀತೀನಿ ನೋಡು” ಎಂದ.

ಡಿಸ್ಕಿನೊಳಗೆ ತಟ್ಟೆಯೊಂದು ಬಿರುಸಾಗಿ ತಿರುಗುತ್ತಿರುತ್ತದೆ. ಅದಕ್ಕೆ ತಾಕಿಯೂ ತಾಕದಂತೆ ಒಂದು ಸಣ್ಣ ಮೊನೆ ಕೂದಲಿಗಿಂತ ತೆಳುವಾದ ಗೆರೆಯನ್ನು ಹುಡುಕಿ ಬರೆಯಬೇಕು. ಅಚ್ಚಿನ ಯಂತ್ರದ ಪ್ರತಿ ಏಟಿಗೂ ನೆಲ ನಡುಗಿ, ನೆಲದಿಂದ ಗೋಡೆ, ಗೋಡೆಗೆ ಬಿಗಿದ ಕಪಾಟು, ಕಪಾಟಿನಿಂದ ಡಿಸ್ಕು ನಡುಗುತ್ತಿತ್ತು, ಗೋಡೆ ಕಡೆಯದು ಎಲ್ಲಕ್ಕಿಂತ ಹೆಚ್ಚಾಗಿ. ಮೊನೆ ಗೆರೆ ತಪ್ಪುತ್ತಿತ್ತು. ತಟ್ಟೆ ಇನ್ನೊಂದು ಸುತ್ತು ಬರುವತನಕ ಕಾದು, ಮತ್ತೆ ಗುರಿಯಿಟ್ಟು, ಮತ್ತೆ ತಪ್ಪುತ್ತಿತ್ತು. ಡಿಸ್ಕು ಸುಳ್ಳು ಹೇಳಿರಲಿಲ್ಲ. ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ.

ಮಾಮ ಕೈ ತೊಳೆದುಕೊಂಡು ಬಂದು ಕೇಳಿಸಿಕೊಂಡ. ಮುಖ ಸಣ್ಣದಾಯಿತು. “ನನ್ನ ಯಂತ್ರಾನಾ ಟೀಚರಮ್ಮನ ದನಿ ತಿಂದಿದ್ದು? ನಿಲ್ಲಿಸೋಣ ಅಂದ್ರೆ ಮಕ್ಕಳ ಪರೀಕ್ಷೆ ಪುಸ್ತಕ ಕಣೋ.”

“ನೀನು ನಿಲ್ಲಿಸಬೇಡ. ಇದನ್ನ ಎತ್ತೋಕೆ ಕೈ ಕೊಡು.”

ಮೆಟ್ಟಿಲ ಕೆಳಗೆ ಪೊರಕೆ, ಬಕೆಟ್ಟು ಇಡುತ್ತಿದ್ದ ಗೂಡೊಂದಿತ್ತು. ಓದುವ ಕೋಣೆಗೂ ದೂರ, ಅಚ್ಚಿನ ಕೋಣೆಗೂ ದೂರ. ಸರ್ವರನ್ನು ಆರಿಸಿ, ಇಬ್ಬರೂ ಏದುಸಿರು ಬಿಡುತ್ತ ಅದನ್ನು ಹೊತ್ತು ತಂದು, ಅಡಿಗೆ ದಪ್ಪ ರಬ್ಬರಿನ ಹಾಳೆ ಹಾಸಿ, ಗೋಡೆಗೆ ತಾಕದಂತೆ ಇಟ್ಟರು. ಅಚ್ಚು ಧಡ್ ಧಡ್ ಎನ್ನುತ್ತಿದ್ದಾಗಲೇ ಪರದೆ ನೋಡಿದರೆ ಅಂಕಿಗಳು ಕದಲಲಿಲ್ಲ. ಮಾಮ ಅವನ ಬೆನ್ನಿಗೊಂದು ಗುದ್ದಿದ.

ಮರುದಿನ ಟೀಚರಮ್ಮ ಬಂದಾಗ ತಂತಿಯಣ್ಣ ಅವರು ಮೆಟ್ಟಿಲು ಹತ್ತುವ ಮುಂಚೆಯೇ ಅಡ್ಡ ನಿಂತ. ಎಲ್ಲ ಹೇಳಿದ. ಡಿಸ್ಕು ಚೆನ್ನಾಗಿಯೇ ಇತ್ತೆಂದ. ತಾನು ಅವಸರಪಟ್ಟು ಕಿತ್ತದ್ದರಿಂದಲೇ ಎರಡು ದಿನ ಹೋಯಿತೆಂದ.

ಅವರು ಕಂಬಿ ಹಿಡಿದು ನಿಂತಿದ್ದರು. ದನಿ ಆಗಲೇ ಪಿಸುಮಾತಿನ ಮಟ್ಟಕ್ಕೆ ಬಂದಿತ್ತು.

“ಹಾಗಾದ್ರೆ ಲೆಕ್ಕ ತಪ್ಪಿತು.”

“ತಪ್ಪಿತು ಟೀಚರಮ್ಮ.”

“ಇದನ್ನ ನೀನು ಹೇಳದೆ ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ.”

“ಹೌದು.”

“ಸರಿ, ದಾರಿ ಬಿಡು. ಇರೋ ದನಿ ಮೆಟ್ಟಿಲ ಮೇಲೆ ಖರ್ಚು ಮಾಡ್ಲಾ?”

ಕೋಣೆಯೊಳಗೆ ಕೂತು ಅವರು ಪುಸ್ತಕವನ್ನು ಮೊದಲಿನಂತೆ ಗುರುತಿಟ್ಟ ಪುಟಕ್ಕೆ ತೆಗೆಯಲಿಲ್ಲ, ಕೊನೆಯ ಅಧ್ಯಾಯಕ್ಕೆ ತೆಗೆದರು. ಗಾಜಿನಾಚೆಯಿಂದ ತಂತಿಯಣ್ಣ ಹುಬ್ಬೇರಿಸಿದ. “ಕೊನೆ ನನ್ನ ದನೀಲಿರಲಿ” ಎಂದರು. “ಆಮೇಲೆ ಅದರ ಹಿಂದಿನದು, ಅದರ ಹಿಂದಿನದು. ಎಲ್ಲಿಗೆ ನಿಲ್ಲುತ್ತೋ ಅಲ್ಲಿಗೆ ನಿಲ್ಲಲಿ.”

ಹೀಗೆ ಕಾದಂಬರಿ ಬಾಲದ ಕಡೆಯಿಂದ ಬೆಳೆಯಿತು. ಮೊದಲು ಅತ್ತೆ ಸತ್ತಳು, ಮಾರನೆಯ ದಿನ ಕಾಯಿಲೆ ಬಿದ್ದಳು, ಅದರ ಮಾರನೆಯ ದಿನ ಎದ್ದು ಸೊಸೆಯಂದಿರ ಮೇಲೆ ಕೂಗಾಡಿದಳು. ಸರ್ವರು ಒಂದು ಸಲವೂ ನಿಲ್ಲಲಿಲ್ಲ. ಆಪರೇಷನ್ನಿನ ಹಿಂದಿನ ದಿನ ಟೀಚರಮ್ಮ ಪುಸ್ತಕ ಮಡಚಿದಾಗ, ಮುಂದಿನಿಂದ ಓದಿದ್ದಕ್ಕೂ ಹಿಂದಿನಿಂದ ಓದಿದ್ದಕ್ಕೂ ನಡುವೆ ಒಂದು ಅಧ್ಯಾಯ ಮಾತ್ರ ಓದದೆ ಉಳಿದಿತ್ತು. ನಡುವಿನ ಸೊಸೆ ಮನೆಗೆ ಮರಳುವುದು ಅದರಲ್ಲೇ.

“ಇನ್ನೊಬ್ಬ ಓದುಗರನ್ನ ಕರೆಸ್ತೀನಿ” ಎಂದ ತಂತಿಯಣ್ಣ.

ಟೀಚರಮ್ಮ ಬೇಡವೆಂದು ತಲೆಯಾಡಿಸಿದರು. ಆ ಅಧ್ಯಾಯಕ್ಕೆ ಗುರುತಿನ ಕಡ್ಡಿ ಸಿಕ್ಕಿಸಿ, ಪುಸ್ತಕವನ್ನು ಅವನ ಕೈಯಲ್ಲಿಟ್ಟರು. “ನೀನು ಓದು.”

“ಅಯ್ಯೋ, ನಾನಾ? ನಂದೊಂದು ಗೂಡ್ಸ್ ಗಾಡಿ ದನಿ!”

“ನೀನು ನನ್ನ ಪ್ರತಿ ಸಾಲನ್ನೂ ಕೇಳಿದೀಯ. ನಾನು ಎಲ್ಲಿ ಉಸಿರು ತಗೋತೀನಿ ಅಂತ ಬೇರೆ ಯಾರಿಗೆ ಗೊತ್ತು? ಆದ್ರೆ ನಾನು ಬಂದ ಮೇಲೆ ಓದು. ನಾನಿಲ್ಲದಾಗ ಓದಿ ಮುಗಿಸಿಬಿಡಬೇಡ.”

ಗೆಡ್ಡೆ ಹೋಯಿತು, ದನಿ ಬರಲಿಲ್ಲ. ಒಂದು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಟೀಚರಮ್ಮ, ಕುತ್ತಿಗೆಯ ಗಾಯಕ್ಕೆ ತೆಳು ಬಟ್ಟೆ ಸುತ್ತಿಕೊಂಡು, ಗಾಜಿನ ಈಚೆ ತಂತಿಯಣ್ಣನ ಕುರ್ಚಿಯಲ್ಲಿ ಬಂದು ಕೂತರು. ಕಿವಿಗೆ ಹಾಕಿಕೊಳ್ಳುವುದನ್ನು ಹಾಕಿಕೊಂಡರು. ಒಳಗೆ ತಂತಿಯಣ್ಣ ಮೈಕಿನ ಮುಂದೆ ಮದುಮಗನಂತೆ ಬೆವರುತ್ತಿದ್ದ. ಶುರು ಮಾಡಿದ. ಎರಡು ಸಾಲು ಓದಿದನೋ ಇಲ್ಲವೋ, ಟೀಚರಮ್ಮನ ಬೆರಳು ಮೇಲೆದ್ದಿತು. ನಿಲ್ಲಿಸಿದ. ಅವರು ಅಂಗೈಯನ್ನು ನಿಧಾನವಾಗಿ ಕೆಳಗಿಳಿಸಿ ತೋರಿಸಿದರು. ಅವನು ಉಸಿರೆಳೆದುಕೊಂಡು ಮೊದಲ ಸಾಲಿಗೆ ಮರಳಿದ. ಮತ್ತೆ ಬೆರಳು. ಮತ್ತೆ ಮೊದಲ ಸಾಲು.

ನಾಲ್ಕನೆಯ ಸಲ ಬೆರಳು ಏಳಲಿಲ್ಲ. ಓದು ಹಾಗೇ ಮುಂದೆ ಹೋಯಿತು. ಸೊಸೆ ಬಸ್ಸಿಳಿದು ಮನೆಯ ಬಾಗಿಲಿಗೆ ಬಂದು ನಿಂತಳು. ಬಾಗಿಲು ತೆಗೆದವಳು ಅತ್ತೆಯೇ. ಆ ಇಬ್ಬರ ಮಾತು ಬರುವಲ್ಲಿ ತಂತಿಯಣ್ಣ ತಲೆಯೆತ್ತಿ ಒಮ್ಮೆ ಗಾಜಿನಾಚೆ ನೋಡಿದ. ಟೀಚರಮ್ಮ ಕಣ್ಣು ಮುಚ್ಚಿಕೊಂಡು, ಅತ್ತೆಯ ಮಾತನ್ನು ಸದ್ದಿಲ್ಲದೆ ತುಟಿಯಲ್ಲೇ ಅವನ ಜೊತೆ ಆಡುತ್ತಿದ್ದರು.