ಪಾರ್ಸೆಲ್ ಕಾಕಾ ಗೆದ್ದ ದಿನ

ನಿಮಗೆ ಎಂದಾದರೂ ಹೀಗಾಗಿದೆಯಾ? ಒಬ್ಬ ಮನುಷ್ಯನ ಕೆಲಸ ಹೋಗಲಿದೆ ಅಂತ ಅವನಿಗಿಂತ ಮೂರು ದಿನ ಮೊದಲೇ ನಿಮಗೆ ಗೊತ್ತಾಗಿ, ಆ ಮೂರೂ ದಿನ ಅವನ ಜೊತೆಗೇ ಚಹಾ ಕುಡಿದು, ಬಾಯಿ ಬಿಡದೆ ಕೂತದ್ದು? ಆಗಿದ್ದರೆ ಮುಂದೆ ಓದಿ. ಆಗಿಲ್ಲದಿದ್ದರೂ ಓದಿ, ನನಗೆ ಬೈಯಲಿಕ್ಕಾದರೂ ಬೇಕಾಗುತ್ತದೆ.

ಕಳೆದ ವಾರ ಊರಿಂದ ತಮ್ಮ ಒಂದು ಚೀಲ ಕಡಲೆ ಕಳಿಸಿದ್ದ. ಗೋಣಿಚೀಲ, ಬಾಯಿಗೆ ಸುತಳಿಯ ಹೊಲಿಗೆ, ಮೈಮೇಲೆ ಕರೀ ಬಣ್ಣದಲ್ಲಿ ದಪ್ಪಗೆ ನನ್ನ ಹೆಸರು. ಕತ್ತರಿ ಹಿಡಿದು ಬಗ್ಗಿದೆ ನೋಡಿ, ಗೋಣಿಯ ಧೂಳು, ಸುತಳಿಯ ಎಣ್ಣೆ, ಬಣ್ಣದ ಘಾಟು ಮೂರೂ ಒಟ್ಟಿಗೇ ಮೂಗಿಗೆ ಬಡಿದವು. ಕತ್ತರಿ ಕೈಯಲ್ಲೇ ನಿಂತಿತು. "ಕತ್ತರಸಬ್ಯಾಡೋ ತಮ್ಮಾ, ಬಿಚ್ಚು" ಅಂತ ಯಾರೋ ಬೆನ್ನ ಹಿಂದೆ ಅಂದ ಹಾಗೆ...

ಎಂಬತ್ತರ ದಶಕದ ಕೊನೆಯ ಮಾತು. ಹುಬ್ಬಳ್ಳಿಯ ಒಂದು ಟ್ರಾನ್ಸ್‌ಪೋರ್ಟ್ ಕಂಪನಿ ಅಣ್ಣಿಗೇರಿಯಲ್ಲಿ ಸಣ್ಣದೊಂದು ಶಾಖೆ ಇಟ್ಟಿತ್ತು. ಒಂದು ಗೋಡೌನು, ಅದರ ಬಾಗಿಲಲ್ಲಿ ಒಂದು ಟೇಬಲ್ಲು, ಟೇಬಲ್ಲಿನ ಹಿಂದೆ ಬಿಲ್ಟಿ ಅನ್ನುವ ಮಾಲಿನ ರಸೀದಿ ಬರೆಯುವ ಗುಮಾಸ್ತ, ಅಂದರೆ ನಾನು. ಲಾರಿಯಲ್ಲಿ ಬಂದ ಕಿರಾಣಿ, ಅರಿವೆ, ಔಷಧಿ, ಪಂಪ್‌ಸೆಟ್ಟಿನ ಸಾಮಾನು ಇಳಿಸಿ, ಕೈಗಾಡಿಯಲ್ಲಿ ಅಂಗಡಿ ಅಂಗಡಿಗೆ ಮುಟ್ಟಿಸಿ, ಬಿಲ್ಟಿಯ ಮೇಲೆ ಅಂಗಡಿಯವರ ಸಹಿ ತರುವವರು ಇಬ್ಬರೇ ಇಬ್ಬರು. ಒಬ್ಬ, ಆ "ಬಿಚ್ಚು" ಅನ್ನುತ್ತಿದ್ದ ಕಾಕಾ. ಊರಿಗೆಲ್ಲ ಪಾರ್ಸೆಲ್ ಕಾಕಾ. ಇನ್ನೊಬ್ಬ ಅವನ ಅಳಿಯ. ಅಳಿಯನಿಗೆ ಆ ಕೆಲಸ ಕೊಡಿಸಿದವನೂ ಕಾಕಾನೇ. ಮಗಳನ್ನು ಕೊಡುವಾಗ ಕೆಲಸವನ್ನೂ ಕೊಟ್ಟೆ ಅಂತ ನಗುತ್ತಿದ್ದ.

ಕಾಕಾನಿಗೆ ಓದು ಬರುತ್ತಿರಲಿಲ್ಲ. ಆದರೆ ಪ್ರತಿ ಅಂಗಡಿಯ ಪಾರ್ಸೆಲ್ಲಿಗೂ ಒಂದು ಬಣ್ಣದ ಗುರುತು ಇರುತ್ತಿತ್ತು, ತ್ರಿಶೂಲ, ತಾರೆ, ಅಡ್ಡಗೆರೆ ಹೀಗೆ. ಅದನ್ನು ನೋಡಿಯೇ ಇಪ್ಪತ್ತು ವರ್ಷ ಒಂದು ಪಾರ್ಸೆಲ್ಲನ್ನೂ ತಪ್ಪು ಬಾಗಿಲಿಗೆ ಒಯ್ದವನಲ್ಲ. ಸುತಳಿಯನ್ನು ಮಾತ್ರ ಯಾರೂ ಅವನೆದುರು ಕತ್ತರಿಸುವ ಹಾಗಿರಲಿಲ್ಲ. ಗಂಟು ಬಿಚ್ಚಿ, ಅಂಗೈಯಲ್ಲಿ ಉಂಡೆ ಸುತ್ತಿ, ಕಿಸೆಗೆ ಹಾಕಿಕೊಳ್ಳುತ್ತಿದ್ದ. ಮಗಳು ಅದರಲ್ಲಿ ಗಡಿಗೆ ತೂಗುಹಾಕುವ ನೆಲುವು ಹೆಣೆಯುತ್ತಿದ್ದಳು. ನಮ್ಮ ಮನೆಯ ಮೊಸರಿನ ಗಡಿಗೆ ತೂಗುತ್ತಿದ್ದದ್ದೂ ಅವಳು ಹೆಣೆದ ನೆಲುವಿನಲ್ಲೇ.

ಆಮೇಲೆ ಮೆಟಡೋರ್‌ಗಳು ಬಂದವು. ಹೊಸದಾಗಿ ಎರಡು ಕಂಪನಿಗಳು, ಒಂದರ ಮೇಲೊಂದು ದರ ಇಳಿಸಿಕೊಂಡು, ಹುಬ್ಬಳ್ಳಿಯಿಂದ ನೇರ ಅಂಗಡಿಯ ಮೆಟ್ಟಿಲಿಗೇ ಗಾಡಿ ತಂದು ನಿಲ್ಲಿಸಿದವು. ಸುತ್ತಲಿನ ಊರಿನವರಲ್ಲಿ ಶಲವಡಿಯ ವ್ಯಾಪಾರಿಗಳು ಮೊದಲು ಅತ್ತ ಹೋದರು. ನವಲಗುಂದದವರು ಆಮೇಲೆ. ನಮ್ಮ ಲಾರಿ ವಾರಕ್ಕೆ ಆರು ದಿನ ಬರುತ್ತಿದ್ದದ್ದು ಎರಡಕ್ಕೆ ಇಳಿಯಿತು. ಕಾಕಾನಿಗೆ ಮಾತ್ರ ಏನೂ ಅನಿಸಲಿಲ್ಲ. ಮೆಟಡೋರಿಗೆ ಅಂಗಡಿಯ ಗುರುತು ಗೊತ್ತಿರುತ್ತದಾ ಅಂತ ನನ್ನನ್ನೇ ಕೇಳುತ್ತಿದ್ದ.

ಒಂದು ದಿನ ಹುಬ್ಬಳ್ಳಿಯಿಂದ ಕಾಗದ ಬಂತು. ಒಡೆದವನು ನಾನೇ. ಕಂಪನಿ ಈ ಕಡೆಯ ಸಾಗಾಟವನ್ನು ಪೂರ್ತಿ ಬಿಡುತ್ತಿದೆ, ಇನ್ನು ಮುಂಬಯಿ-ಪುಣೆ ದಾರಿಯದ್ದಷ್ಟೇ ನೋಡಿಕೊಳ್ಳುತ್ತದೆ, ಗೋಡೌನನ್ನು ಎದುರಾಳಿ ಕಂಪನಿಯೊಂದಕ್ಕೇ ಬಿಟ್ಟುಕೊಡುವ ಮಾತಾಗಿದೆ, ಅದಕ್ಕೆ ಶುಕ್ರವಾರ ಸಂಜೆಯೊಳಗೆ ಖಾಲಿಯಾಗಬೇಕು, ಹಮಾಲರಿಬ್ಬರನ್ನೂ ತೆಗೆಯತಕ್ಕದ್ದು. ಗುಮಾಸ್ತನಿಗೆ ಹುಬ್ಬಳ್ಳಿಯಲ್ಲಿ ಜಾಗ ಇದೆ, ಆದರೆ ವಿಷಯ ಮೊದಲೇ ಹೊರಗೆ ಬಿದ್ದರೆ ಆ ಜಾಗವೂ ಇಲ್ಲ.

ಕೊನೆಯ ಸಾಲನ್ನು ಮೂರು ಸಲ ಓದಿದೆ. ಉಳಿದದ್ದನ್ನು ಒಂದೇ ಸಲ. ಮಡಚಿ ಕಿಸೆಗೆ ಇಟ್ಟುಕೊಂಡೆ.

ಅವತ್ತೇ ಮಧ್ಯಾಹ್ನ ಕಾಕಾ ಚಹಾ ಕುಡಿಯುತ್ತಾ ಮಗಳ ಸುದ್ದಿ ತೆಗೆದ. ಏಳು ತಿಂಗಳು ತುಂಬುತ್ತಿವೆ, ಬರುವ ವಾರ ಸೀಮಂತದ ಕುಬಸ ಮಾಡಿ ಬಾಣಂತನಕ್ಕೆ ಮನೆಗೆ ಕರೆತರುತ್ತೇನೆ, ಹಸಿರು ಸೀರೆ ನೋಡಿ ಇಟ್ಟಿದ್ದೇನೆ ಅಂದ. ನಾನು ಹೂಂ ಹೂಂ ಅಂದೆ. ಕಾಗದ ಎದೆಯ ಮೇಲೆ ಚುಚ್ಚುತ್ತಿತ್ತು. ಮರುದಿನವೂ ಚಹಾ ಕುಡಿದೆವು. ಅದರ ಮರುದಿನವೂ.

ಶುಕ್ರವಾರ ಬೆಳಿಗ್ಗೆ ಹುಬ್ಬಳ್ಳಿಯ ಸಾಹೇಬರು ಜೀಪಿನಲ್ಲಿ ಬಂದರು. ಗೋಡೌನಿನೊಳಗೆ ಒಂದು ಸುತ್ತು ಹಾಕಿದರು. ಒಳಗಿದ್ದ ಮಾಲು ಮುಟ್ಟಿಸಲು ಮೂರು ದಿನವಾದರೂ ಬೇಕು, ಮೇಲಾಗಿ ಹಿಂದಿನ ದಿನ ಮಳೆಯಾಗಿತ್ತು. ಎರಿಮಣ್ಣಿನ ಊರು ನಮ್ಮದು, ಪೇಟೆಯ ಓಣಿ ಅಂಟಿನ ಹಾಗೆ ಕಾಲು ಹಿಡಿಯುತ್ತಿತ್ತು. ಸಾಹೇಬರು ಮಾವ ಅಳಿಯ ಇಬ್ಬರನ್ನೂ ಬಾಗಿಲಿಗೆ ಕರೆದರು. ಕಂಪನಿಗೆ ಕಷ್ಟ ಬಂದಿದೆ, ಇಬ್ಬರನ್ನು ಸಾಕಲು ಆಗುವುದಿಲ್ಲ ಅಂದರು. ನನ್ನ ಕೈಯಿಂದಲೇ ಪಟ್ಟಿ ಬರೆಸಿ ಮಾಲನ್ನು ಎರಡು ಸಮಪಾಲು ಮಾಡಿಸಿದರು.

"ಯಾರು ಮೊದ್ಲ ಎಲ್ಲಾ ಮುಟ್ಟಿಸಿ ಸಹಿ ತರ್ತೀರಿ, ಅವರ ಇರ್ತೀರಿ. ಇನ್ನೊಬ್ರು ಮನೀಗೆ."

ಕಾಕಾ ನನ್ನ ಮುಖ ನೋಡಿದ. ನಾನು ಪಟ್ಟಿ ನೋಡಿದೆ.

ಸುದ್ದಿ ಪೇಟೆಗೆ ಹಬ್ಬಲು ಎಷ್ಟು ಹೊತ್ತು? ಚಹಾದಂಗಡಿಯವನು ಒಲೆ ಬಿಟ್ಟು ರಸ್ತೆಗೆ ಬಂದು, "ಮಾವ ಅಳಿಯಾನ ಕುಸ್ತಿ ಐತಿ, ಬರ್ರಲೇ" ಅಂತ ಕರೆದ. ಜನ ಕಟ್ಟೆ ಹತ್ತಿ ಕೂತರು. ಮುದುಕ ಸೋಲುತ್ತಾನೆ, ಬೇಕಂತಲೇ ಸೋಲುತ್ತಾನೆ, ಮಗಳ ಗಂಡನಲ್ಲವಾ ಅಂತ ಮಾತಾಡಿಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಎರಡು ಸುತ್ತು ಕಾಕಾ ನಿಧಾನಕ್ಕೇ ಗಾಡಿ ತಳ್ಳಿದ. ಅಳಿಯ ಮುಂದೆ ಹೋದ.

ಪೇಟೆಯ ತಿರುವಿನಲ್ಲಿ ಒಂದು ಬೇವಿನ ಗಿಡ. ಅಲ್ಲಿ ಅಳಿಯ ಖಾಲಿ ಗಾಡಿ ತಳ್ಳಿಕೊಂಡು ವಾಪಸ್ ಬರುವಾಗ ಮಾವ ಎದುರಾದ. ಕಟ್ಟೆಯ ಜನಕ್ಕೆಲ್ಲ ಕೇಳುವ ಹಾಗೆ ಅಳಿಯ ಅಂದ:

"ಸಾಕ್ ಬಿಡ್ರಿ ಮಾವಾರ. ನಿಮ್ಮ ಬೆನ್ನು ಹೋತು. ಇನ್ನ ಮನ್ಯಾಗ ಕುಂತು ಮೊಮ್ಮಗನ ತೊಟ್ಲ ತೂಗ್ರಿ."

ಕಟ್ಟೆಯವರು ನಕ್ಕರು. ಕಾಕಾ ನಿಂತ. ಗಾಡಿಯ ಹಿಡಿಯನ್ನು ಮೆಲ್ಲಗೆ ಕೆಳಗಿಟ್ಟ. ರುಮಾಲು ಬಿಚ್ಚಿ ಬೆನ್ನಿಗೆ ಹಾಸಿಕೊಂಡು, ಗಾಡಿಯಿಂದ ಒಂದು ಚೀಲ ಎತ್ತಿ ಹೊತ್ತು, ಓಣಿಗೆ ಓಡಿದ. ಆ ಕೆಸರಿನಲ್ಲಿ ಗಾಲಿ ಹೂತುಕೊಳ್ಳುತ್ತದೆ, ಕಾಲು ಹೂತುಕೊಳ್ಳುವುದಿಲ್ಲ, ಇದು ಇಪ್ಪತ್ತು ವರ್ಷ ಹೊತ್ತವನಿಗೆ ಗೊತ್ತು, ಎರಡು ವರ್ಷ ಹೊತ್ತವನಿಗೆ ಗೊತ್ತಿಲ್ಲ. ಅಳಿಯನ ಗಾಡಿ ಮುಂದಿನ ಸುತ್ತಿಗೆ ಅಚ್ಚಿನ ತನಕ ಹೂತಿತು. ಅವನು ಎಳೆದ, ಜಗ್ಗಿದ, ಮೆಟಡೋರ್ ಕಂಪನಿಯವರ ಅವ್ವ ಅಪ್ಪನನ್ನು ಬೈದ. ಕಾಕಾ ಅವನ ಬಾಜೂಕೇ ಹಾದು ಹೋಗುತ್ತಿದ್ದ, ತಲೆ ಎತ್ತದೆ, ಒಂದು ಚೀಲ, ಇನ್ನೊಂದು ಚೀಲ. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಒಮ್ಮೆ ಮೊಣಕಾಲೂರಿ ಬಿದ್ದ. ಚೀಲ ಬೆನ್ನ ಮೇಲೆ ಹಾಗೇ ಇತ್ತು. ಎದ್ದ.

ನಾನು ಪಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಇದನ್ನು ಬರೆಯಲೇಬೇಕು, ಇಲ್ಲದಿದ್ದರೆ ಉಳಿದದ್ದು ಬರೆದು ಏನು ಉಪಯೋಗ? ನಾನೂ ಕೂಗಿದೆ.

"ಎರಡ ಉಳದಾವು ಕಾಕಾ, ಬರೇ ಎರಡ."

ಸಾಹೇಬರು ಜೀಪಿಗೆ ಒರಗಿಕೊಂಡು ಚಹಾ ಕುಡಿಯುತ್ತಿದ್ದರು. ನನಗೆ ಮಾತ್ರ ಕೇಳುವ ಹಾಗೆ, ಮೂರು ದಿನದ ಕೆಲಸ ನೋಡು, ಊಟದ ಹೊತ್ತಿಗೆ ಮುಗಿಯಿತು ಅಂದರು. ಹುಡುಗರ ಆಟ ನೋಡಿ ಖುಷಿಪಟ್ಟವರ ಹಾಗಿತ್ತು ಮುಖ.

ಕಾಕಾ ಗೆದ್ದ. ಕೊನೆಯ ಬಿಲ್ಟಿ ನನ್ನ ಟೇಬಲ್ಲಿನ ಮೇಲಿಟ್ಟಾಗ ಅದರ ಮೇಲೆ ಅವನ ಬೆರಳಿನ ಕೆಸರು ಮೂಡಿತ್ತು. ಸಾಹೇಬರು ಬೆನ್ನು ತಟ್ಟಿ, ನಾಳೆ ಹೊತ್ತಿಗೆ ಸರಿಯಾಗಿ ಬಾ ಅಂದರು. ಅಳಿಯನ ಪಾಲಿನದ್ದೂ ಸಂಜೆಯೊಳಗೆ ಮುಗಿಯಿತು. ಅರ್ಧ ಅವನು ಹೊತ್ತ, ಅರ್ಧ ಕಾಕಾನೇ ಹೊತ್ತ, ಗೆದ್ದ ಮೇಲೂ. ಗೋಡೌನು ಗುಡಿಸಿದ ಅಂಗಳವಾಯಿತು. ಹೊರಡುವಾಗ ಸಾಹೇಬರು ನನ್ನ ಕೈಗೆ ಎರಡು ಲಕೋಟೆ ಕೊಟ್ಟು, ಬೆಳಿಗ್ಗೆ ಕೊಡು ಅಂದರು. ಎರಡೂ ಹುಬ್ಬಳ್ಳಿಯಲ್ಲೇ ಟೈಪಾಗಿ ಬಂದಿದ್ದವು.

ಬೆಳಿಗ್ಗೆ ಕಾಕಾ ಸ್ನಾನ ಮಾಡಿ, ವಿಭೂತಿ ಹಚ್ಚಿ, ಒಗೆದ ಅಂಗಿ ಹಾಕಿಕೊಂಡು ಬಂದ. ನಡೆಯುವಾಗ ಒಂದು ಕಡೆ ವಾಲುತ್ತಿದ್ದ. ಬೆನ್ನು ಹಿಡಿದಿದೆ, ಎರಡು ದಿನಕ್ಕೆ ಹೋಗುತ್ತದೆ ಅಂದ. ಅಳಿಯನೂ ಬಂದಿದ್ದ, ಕಂಪನಿಯ ಕಬ್ಬಿಣದ ಕೊಕ್ಕೆ ತಿರುಗಿ ಕೊಡಲು. ಇಬ್ಬರಿಗೂ ಒಂದೊಂದು ಲಕೋಟೆ ಕೊಟ್ಟೆ. ಕಾಕಾ ತಿರುಗಿಸಿ ಮುರುಗಿಸಿ ನೋಡಿದ. ಅದರ ಮೇಲೆ ಯಾವ ಗುರುತೂ ಇರಲಿಲ್ಲ.

"ಯಾವ ಅಂಗಡೀದೋ ತಮ್ಮಾ ಇದು?"

ಓದಿ ಹೇಳಿದೆ. ಎರಡೇ ಸಾಲು, ಶಾಖೆ ಮುಚ್ಚಿದೆ, ಇವತ್ತಿನಿಂದ ಕೆಲಸ ಇಲ್ಲ ಅಂತ. ಕಾಕಾ ಇನ್ನೊಮ್ಮೆ ಓದು ಅಂದ. ಓದಿದೆ. ಅಷ್ಟರಲ್ಲಿ ಅಳಿಯ ನಗಲು ಶುರು ಮಾಡಿದ. ಗೋಡೌನಿನ ಖಾಲಿ ಗೋಡೆಗಳಿಗೆಲ್ಲ ಬಡಿಯುವ ಹಾಗೆ ನಕ್ಕ, ಕೊಕ್ಕೆಯನ್ನು ನೆಲಕ್ಕೆಸೆದು ಹೋದ.

ಮುಂದಿನ ವಾರ ಕುಬಸ ಆಯಿತು. ಕಾಕಾ ಹಸಿರು ಸೀರೆಯಲ್ಲಿ ಮಗಳನ್ನು ಕರೆದುಕೊಂಡು ಹೊರಡುವಾಗ ಅಳಿಯ ಹೊಸ್ತಿಲಲ್ಲಿ ನಿಂತು ಹೇಳಿದನಂತೆ:

"ತಿರುಗಿ ಕಳಸೂದು ಬ್ಯಾಡ್ರಿ. ಗೆದ್ದೋರು ನೀವ, ಇಕಿ ಹೊಟ್ಟಿಗೂ ನೀವ ಹಾಕ್ರಿ."

ಸಿಟ್ಟಿನ ಮಾತು, ಇಳಿಯುತ್ತದೆ ಅಂದುಕೊಂಡರು ಎಲ್ಲರೂ. ಇಳಿಯಲಿಲ್ಲ. ಮಗು ಹುಟ್ಟಿದಾಗಲೂ ಅವನು ಬರಲಿಲ್ಲ. ಎದುರಾಳಿ ಕಂಪನಿ ಅದೇ ಗೋಡೌನಿನಲ್ಲಿ ಬೇರೆ ಬೋರ್ಡು ಹಾಕಿತು. ಅಳಿಯನನ್ನು ಕೆಲಸಕ್ಕೆ ತೆಗೆದುಕೊಂಡಿತು. ವಯಸ್ಸಿನ ಹುಡುಗ, ಬೆನ್ನು ಗಟ್ಟಿ ಇತ್ತಲ್ಲ.

ನಾನು ಹುಬ್ಬಳ್ಳಿಗೆ ಹೋದೆ. ಫ್ಯಾನಿನ ಕೆಳಗೆ ಕುರ್ಚಿ ಸಿಕ್ಕಿತು. ವರ್ಷ ಕಳೆದ ಮೇಲೆ ಅಣ್ಣಿಗೇರಿಯ ಸಂತೆಯಲ್ಲಿ ಕಾಕಾ ಸಿಕ್ಕ. ಮಗಳು ನೆಲುವು ಹೆಣೆದು ಮಾರಲು ಕೂತಿದ್ದಳು, ಕೊಂಡುಕೊಂಡ ಸುತಳಿಯಲ್ಲಿ. ಮಡಿಲಲ್ಲಿ ಮಗು. ಕಾಕಾ ಅವಳ ಬಾಜೂಕೆ, ನೆಟ್ಟಗೆ ಕೂರಲಾಗದೆ ಗೋಡೆಗೆ ಒರಗಿದ್ದ. ನನ್ನನ್ನು ನೋಡಿ ಮುಖ ಅರಳಿತು. ಅವತ್ತಿನ ಮಾತು ತಾನೇ ತೆಗೆದ. ಸೋಲಬೇಕಂತಲೇ ಹೊರಟಿದ್ದನಂತೆ.

"ಬೇವಿನ ಗಿಡದ ಬುಡಕ ಕುಂತ ಬಿಡೂಣು ಅಂತ ಮಾಡಿದ್ನೋ ತಮ್ಮಾ. ಅವ ಅಷ್ಟು ಮಂದ್ಯಾಗ ಬೆನ್ನಿನ ಮಾತ ತಗದ. ಆಮ್ಯಾಲ ಕಾಲು ನನ್ನ ಮಾತ ಕೇಳ್ಲಿಲ್ಲ."

ಮಗಳು ಹೆಣೆಯುವುದು ನಿಲ್ಲಿಸಿದಳು. ನನ್ನನ್ನೇ ನೋಡಿದಳು.

"ಅಣ್ಣಾರ, ಕಂಪನಿ ಮುಚ್ಚತಾರಂತ ನಿಮಗ ಮೊದ್ಲ ಗೊತ್ತಿತ್ತೇನ್ರಿ?"

ಇಲ್ಲ ಅಂತ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾನೇ ಅವಳನ್ನು ಗದರಿಸಿದ.

"ಏನ್ ಕೇಳ್ತೀ ಬೇ ಹುಚ್ಚಿ. ಅವಗ ಗೊತ್ತಿದ್ರ ನನಗ ಹೇಳ್ದ ಇರ್ತಿದ್ನ?"

ನಾನು ಒಂದು ನೆಲುವು ಕೊಂಡುಕೊಂಡೆ. ಇಲ್ಲ ಅನ್ನುವ ಕಷ್ಟವನ್ನೂ ಅವನು ನನಗೆ ಕೊಡಲಿಲ್ಲ. ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ... ಅವಳಿಗೆ ಗೊತ್ತಾಯಿತು ಅಂತ ನನಗೆ ಗೊತ್ತು.

ಅದೇ ಕೊನೆ. ಎರಡು ಮಳೆಗಾಲ ಕಳೆದ ಮೇಲೆ ಕಾಕಾ ಹೋದ ಸುದ್ದಿ ಬಂತು. ಮಣ್ಣಿಗೆ ನಾನು ಹೋಗಲಿಲ್ಲ. ರಜೆ ಸಿಗಲಿಲ್ಲ ಅಂತ ಮನೆಯಲ್ಲಿ ಹೇಳಿದೆ. ರಜೆ ಕೇಳಿಯೇ ಇರಲಿಲ್ಲ. ಅವಳು ಈಗ ಎಲ್ಲಿದ್ದಾಳೋ, ಆ ಮಗು ಏನಾಯಿತೋ ತಿಳಿದುಕೊಳ್ಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಕಳೆದ ವಾರ ಆ ಕಡಲೆ ಚೀಲದ ಮುಂದೆ ಬಹಳ ಹೊತ್ತು ಕೂತಿದ್ದೆ. ಬಿಚ್ಚಲು ನೋಡಿದೆ. ಗಂಟು ಬಿಗಿಯಾಗಿತ್ತು, ನನ್ನ ಉಗುರಿಗೆ ಸಿಗಲಿಲ್ಲ. ಒಳಗಿನಿಂದ ಹೆಂಡತಿ, ಇನ್ನೂ ಆಗಲಿಲ್ಲವಾ ಅಂದಳು. ಕತ್ತರಿ ಹಾಕಿಬಿಟ್ಟೆ.

ನೀವು ಹೀಗೆ ಗೊತ್ತಿದ್ದೂ ಸುಮ್ಮನಿದ್ದದ್ದು ಇದ್ದರೆ ಕೆಳಗೆ ಬರೆಯಿರಿ. ಯಾರೋ ಮಾಡಿದ್ದು ಬೇಡ, ಅದು ಎಲ್ಲರ ಹತ್ತಿರವೂ ಇರುತ್ತದೆ. ನೀವು ಮಾಡಿದ್ದು ಬರೆಯಿರಿ.