ಕಾಕಾನ ಇಕನಾಮಿಕ್ಸು

ಮಳೆಗಾಲ ಮುಗಿಯುತ್ತಿದ್ದ ದಿನಗಳು. ಅಂಕಲಗಿಯಿಂದ ಬಂದ ಲಕ್ಕಪ್ಪ ಕಾಕಾ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ನನ್ನನ್ನು ಕರೆದ.

"ಯವ್ವಾ, ನಿಮ್ಮ ಮನೀ ರಿಸೋರ್ಸು ಗಟಾರಕ್ಕ ಹೊಂಟೈತಿ ನೋಡು."

ನಾನು ಗಾಬರಿಯಾದೆ. ಗಟಾರಕ್ಕೆ ಹೋಗುವಂಥದ್ದು ನಮ್ಮ ಮನೆಯಲ್ಲಿ ಏನಿದೆ? ಹೊರಗೆ ಬಂದು ನೋಡಿದರೆ ಮಾಳಿಗೆಯ ಟಾಕಿ ತುಂಬಿ ನೀರು ಸುರಿಯುತ್ತಿತ್ತು. (ಮೋಟರ್ ಚಾಲೂ ಮಾಡಿ ಮರೆಯುವುದು ನಮ್ಮ ಯಜಮಾನರ ಹವ್ಯಾಸ. ಗೋಕಾಕದಲ್ಲಿ ಈ ಹವ್ಯಾಸ ಅವರೊಬ್ಬರಿಗೇ ಇಲ್ಲ, ಬಿಡಿ.) ಓಡಿ ಹೋಗಿ ಬಂದ್ ಮಾಡಿದೆ. ಆಮೇಲಷ್ಟೇ ತಲೆಗೆ ಹೊಳೆಯಿತು. ರಿಸೋರ್ಸು? ಕಾಕಾನ ಬಾಯಲ್ಲಿ?

ಲಕ್ಕಪ್ಪ ಕಾಕಾ ನನ್ನ ಅಪ್ಪನ ತಮ್ಮ. ಅಂಕಲಗಿಯಲ್ಲಿ ಸ್ವಲ್ಪ ಹೊಲ, ಒಂದಿಷ್ಟು ಕುರಿ. ಏಳನೇ ಕ್ಲಾಸಿಗೆ ಸಾಲಿ ಬಿಟ್ಟವನು. ಇಂಗ್ಲಿಷಿನ ಜೊತೆ ಅವನಿಗೆ ಜಗಳವೂ ಇರಲಿಲ್ಲ, ಗೆಳೆತನವೂ ಇರಲಿಲ್ಲ. ಹಾಗಿದ್ದರೆ ಈ ಮಾತು ಎಲ್ಲಿಂದ ಬಂತು?

ಮಗಳಿಂದ ಬಂದಿತ್ತು.

ಕಾಕಾನ ಮಗಳು ಸವಿತಾ ಮೂಡಲಗಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾಳೆ. ಅತಿಥಿ ಉಪನ್ಯಾಸಕಿ. (ಅತಿಥಿ ಅಂದರೆ ಗೊತ್ತಲ್ಲ? ಬಾ ಅಂದಾಗ ಬರಬೇಕು, ಸಾಕು ಅಂದಾಗ ಎದ್ದು ಹೋಗಬೇಕು.) ಒಂದನೇ ಇಯತ್ತೆಯಿಂದ ಎಂ.ಎ. ತನಕ ಕನ್ನಡದಲ್ಲೇ ಓದಿದವಳು. ಈ ವರ್ಷ ಅವಳ ಪಾಲಿಗೆ ಇಂಗ್ಲಿಷ್ ಮಾಧ್ಯಮದ ಕ್ಲಾಸು ಬಂತು. ಹುಡುಗರಿಂದ ತಕರಾರು ಬಂದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಪ್ರಾಂಶುಪಾಲರು ಮೆತ್ತಗೆ ಹೇಳಿಯೂ ಇಟ್ಟಿದ್ದರು.

ಕೊರತೆ ಅಂದರೆ ಏನು ಎಂದು ಕನ್ನಡದಲ್ಲಿ ಕೇಳಿ ನೋಡಿ, ಸವಿತಾ ಊಟದ ಹೊತ್ತಾದರೂ ನಿಲ್ಲಿಸುವುದಿಲ್ಲ. ಆದರೆ ಅದನ್ನೇ ಸ್ಕೇರ್ಸಿಟಿ ಎನ್ನಲು ಹೋಗಿ ಮೊದಲ ದಿನವೇ ನಾಲಿಗೆ ತೊಡರಿತು. ಹಿಂದಿನ ಬೆಂಚು ನಕ್ಕಿತು. ಅವತ್ತು ಬಸ್ಸಿನಲ್ಲಿ ಊರು ಬರುವವರೆಗೂ ಅವಳು ಕಿಟಕಿಯಿಂದ ಮುಖ ತೆಗೆಯಲಿಲ್ಲವಂತೆ.

ನನಗೊಂದು ಸಂಶಯ. ದಿನ ಬೆಳಗಾದರೆ ನಾವು ಲೋನು, ಸಬ್ಸಿಡಿ, ರೇಟು, ಡ್ಯಾಮು, ಕರೆಂಟ್ ಬಿಲ್ಲು ಎಂದು ಇಂಗ್ಲಿಷನ್ನೇ ಅಗಿಯುತ್ತೇವೆ. ಯಾರ ನಾಲಿಗೆಯೂ ತೊಡರುವುದಿಲ್ಲ. ಅದೇ ಪದಗಳು ಪುಸ್ತಕದೊಳಗೆ ಹೋಗಿ ಕುಳಿತ ಕೂಡಲೇ ನಮಗೆ ಬೆವರು ಯಾಕೆ ಬರುತ್ತದೆ?

ಸವಿತಾ ಸುಮ್ಮನೆ ಕೂರಲಿಲ್ಲ. ಸಂಜೆ ಹಾಳೆಯ ಮೇಲೆ ಕನ್ನಡದ ಪದ, ಅದರ ಮುಂದೆ ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲೇ ಬರೆದು ಅಪ್ಪನ ಕೈಗೆ ಕೊಡುತ್ತಿದ್ದಳು. ಕಾಕಾ ಕುರಿ ದೊಡ್ಡಿಯ ಮುಂದೆ ಕುಳಿತು ಕನ್ನಡದ್ದನ್ನು ಓದಬೇಕು, ಅವಳು ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕು. ತಪ್ಪಿದರೆ ಕಾಕಾ ಮಾಸ್ತರರ ಹಾಗೆ ಕೆಮ್ಮಬೇಕು. ಅವನಿಗೆ ಕೆಮ್ಮುವ ಕೆಲಸ ಬಹಳ ಹಿಡಿಸಿತು.

"ನವೀಕರಿಸಬಹುದಾದ ಸಂಪನ್ಮೂಲ," ಎಂದು ಕಾಕಾ ಓದುವನು.

"ರಿನ್ಯೂವೆಬಲ್ ರಿಸೋರ್ಸ್."

"ಹಂಗಂದ್ರ?"

"ಬಳಸಿದ್ರೂ ಮತ್ತ ಹುಟ್ಟೂದು. ಬಿಸಲು, ಗಾಳಿ."

"ಕುರಿ ಉಣ್ಣೆ?"

ಸವಿತಾ ಒಂದು ಕ್ಷಣ ಯೋಚಿಸಿ, "ಅದೂ ಹೌದಪಾ," ಎಂದಳಂತೆ. ಅವತ್ತಿನಿಂದ ಕಾಕಾ ಕುರಿಗಳನ್ನು ನೋಡುವ ರೀತಿಯೇ ಬದಲಾಯಿತು ಎಂದು ಅವನ ಹೆಂಡತಿ, ನಮ್ಮ ಕಾಕು, ನನ್ನ ಮುಂದೆ ಹೇಳಿದ್ದಾಳೆ.

ಕಷ್ಟವಾಗಿದ್ದು ಸಸ್ಟೇನೇಬಲ್. ಕಾಕಾನ ಬಾಯಲ್ಲಿ ಅದು ಎಷ್ಟು ತಿದ್ದಿದರೂ ಸಸ್ತಾನೇಬಲ್ ಆಗುತ್ತಿತ್ತು. ಸಸ್ತಾದಲ್ಲಿ, ಅಂದರೆ ಅಗ್ಗದಲ್ಲಿ, ಕೆಲಸ ಮುಗಿಸುವುದು ಎಂದೇ ಅವನು ತಿಳಿದಿದ್ದ.

"ಸಸ್ತಾ ಅಲ್ಲಪಾ. ಇವತ್ತ ನಮಗೂ ಸಾಲಬೇಕು, ನಾಳಿ ನಮ್ಮ ಮಕ್ಕಳಿಗೂ ಉಳೀಬೇಕು. ಹಂಗ ಕೈ ಹಿಡದ ಬಳಸೂದು."

"ಹಂಗಾದ್ರ ಅದು ಭಾಳ ತುಟ್ಟಿ ಐತಿ ಬಿಡು," ಎಂದ ಕಾಕಾ.

ಹೀಗೆ ಒಬ್ಬಳು ಕಲಿಯುತ್ತಿದ್ದ ಮನೆಯಲ್ಲಿ ಇಬ್ಬರು ಕಲಿತರು. ಪದ ಕಲಿತವನು ಸುಮ್ಮನಿರುತ್ತಾನೆಯೇ? ಕಟ್ಟೆಯ ಮೇಲೆ, ಬಸ್ಸಿನಲ್ಲಿ, ನಮ್ಮ ಟಾಕಿಯ ಕೆಳಗೆ, ಎಲ್ಲ ಕಡೆ ಇಕನಾಮಿಕ್ಸು ಉದುರತೊಡಗಿತು.

ಕಳೆದ ತಿಂಗಳು ಸವಿತಾಳನ್ನು ನೋಡಲು ಹುಕ್ಕೇರಿ ಕಡೆಯಿಂದ ವರನ ಮನೆಯವರು ಬಂದರು. ಕಾಕು ನನ್ನನ್ನೂ ಕರೆಸಿದ್ದಳು. ಅವಲಕ್ಕಿ ಕಲಸುವುದಕ್ಕಲ್ಲ, ಕಾಕಾನನ್ನು ಕಾಯುವುದಕ್ಕೆ. "ಇವತ್ತೊಂದಿನ ಕನ್ನಡದಾಗ ಮಾತಾಡ್ರಿ," ಎಂದು ಅವಳು ಬೆಳಿಗ್ಗೆಯಿಂದ ಗಂಡನಿಗೆ ಹೇಳುತ್ತಲೇ ಇದ್ದಳು. ಕಾಕಾ ಹೂಂ ಅಂದಿದ್ದ.

ಹುಡುಗ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದ. ಅಪ್ಪ ಮತ್ತು ಸೋದರಮಾವನ ನಡುವೆ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಕುಳಿತಿದ್ದ. ಮಾತೆಲ್ಲ ಸೋದರಮಾವನದ್ದು.

"ನಮ್ದು ಪೂರಾ ಕಬ್ಬು ಐತ್ರಿ. ನಾಕೈದು ಬೋರ್ ಅದಾವ. ನೀರಿಗೇನೂ ಕಮ್ಮಿ ಇಲ್ಲ."

ಕಾಕಾ ತಡೆದುಕೊಂಡ. ತಡೆದುಕೊಂಡಿದ್ದು ನನಗೆ ಕಾಣಿಸಿತು. ಆದರೆ ಎಷ್ಟು ಹೊತ್ತು?

"ಸಸ್ಟೇನೇಬಲ್ ಅದಾವೇನ್ರಿ?" ಎಂದು ಕೇಳಿಯೇ ಬಿಟ್ಟ. (ಅದೂ ಎಂಥ ಸ್ಪಷ್ಟ ಉಚ್ಚಾರ. ಸವಿತಾ ಒಳಗಿನಿಂದ ಹಣಿಕಿ ಹಾಕಿದಳು.)

"ಇಲ್ರಿ, ಸಬ್‌ಮರ್ಸಿಬಲ್ ಅದಾವ," ಎಂದ ಸೋದರಮಾವ, ಅಷ್ಟೇ ಗಂಭೀರವಾಗಿ.

ನಾನು ನಗು ನುಂಗಲು ಅವಲಕ್ಕಿಯ ತಾಟು ಹಿಡಿದು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಮಾತು ಮದುವೆಗೆ ಬಂದಿತ್ತು.

"ನಮ್ದೇನೂ ಡಿಮಾಂಡ್ ಇಲ್ರಿ," ಎಂದ ಸೋದರಮಾವ. ಕಾಕುವಿಗೆ ಉಸಿರು ಬಂತು. "ಲಗ್ನದ ಕಾರ್ಯಾಲಯ ಮಾತ್ರ ದೊಡ್ಡದು ಇರ್ಲಿ. ಮತ್ತ ಹುಡುಗಗ ಒಂದು ಗಾಡಿ, ಅದೂ ನಿಮ್ಮ ಖುಷಿ."

"ಡಿಮಾಂಡ್ ಇಲ್ಲಂದ್ರ ರೇಟು ಇಳೀಬೇಕಲ್ರಿ," ಎಂದ ಕಾಕಾ. "ಏರಾಕ ಯಾಕ ಹತ್ತೈತಿ?"

ಎಲ್ಲರೂ ನಕ್ಕರು. ಸೋದರಮಾವನೂ ನಕ್ಕ, ಸ್ವಲ್ಪ ತಡವಾಗಿ. ಗಾಡಿಯ ಮಾತು ಅಲ್ಲಿಗೆ ನಿಂತಿತು.

ಅಷ್ಟೇ ಆಗಿದ್ದರೆ ಇದು ನಕ್ಕು ಮರೆಯುವ ಕತೆ. ಆದರೆ ಚಹಾ ಕುಡಿದು ಕಪ್ಪು ಕೆಳಗಿಟ್ಟ ಹುಡುಗನ ಅಪ್ಪ, ಬಹಳ ಒಳ್ಳೆಯ ಮಾತೊಂದನ್ನು ಹೇಳುವವರ ಹಾಗೆ ಹೇಳಿದರು.

"ಲಗ್ನ ಆದಮ್ಯಾಲ ನಿಮ್ಮ ಮಗಳಿಗೆ ನೌಕರಿ ಗರಜ ಇಲ್ರಿ. ದಿನಾ ಮೂಡಲಗಿಗೆ ಹೋಗೂದು ಬರೂದು ಯಾಕ? ಮನ್ಯಾಗ ರಾಣಿ ಹಂಗ ಇರ್ಲಿ."

ಕಪ್ಪು ಎತ್ತಲು ಬಂದಿದ್ದ ಸವಿತಾ ಬಾಗಿದಲ್ಲೇ ನಿಂತಳು. ಕಾಕು ಸೆರಗಿನ ತುದಿ ಹಿಡಿದುಕೊಂಡು ಗಂಡನನ್ನೇ ನೋಡುತ್ತಿದ್ದಳು. ಒಳ್ಳೆಯ ಮನೆತನ, ಕೈತುಂಬ ಹೊಲ. ಹೂಂ ಅಂದುಬಿಡಿ ಎಂದು ಅವಳ ಮುಖ ಹೇಳುತ್ತಿತ್ತು. ಕಾಕಾನ ಮುಖದಲ್ಲಿ ಈಗ ತಮಾಷೆ ಇರಲಿಲ್ಲ.

"ಆಪರ್ಚುನಿಟಿ ಕಾಸ್ಟ್ ಅಂತ ಒಂದ ಮಾತ ಐತ್ರಿ," ಎಂದ ನಿಧಾನವಾಗಿ. "ನನ್ನ ಮಗಳು ಹೇಳಿದ್ದು. ಒಂದ ತಗೋಬೇಕಂದ್ರ ಇನ್ನೊಂದ ಬಿಡಬೇಕಾಗತೈತಿ. ನಾವು ಬಿಟ್ಟಿದ್ದ ಏನೈತಲ್ಲ, ಅದ ಖರೆ ಕಿಮ್ಮತ್ತು."

"ಅಂದ್ರ?"

"ಆಕಿ ದಿನಾ ಸಂಜೀಕ ಕುಂತ ಕಲತಾಳ್ರಿ. ಮೊದಲ ಕ್ಲಾಸಿಗೆ ಹೋಗಾಕ ಅಂಜತಿದ್ಲು. ಈಗೀಗ ಬಸ್ಸಿನಿಂದ ಇಳದ ಬರೂ ಮುಂದ ಮಾರಿ ಮ್ಯಾಲ ನಗಿ ಇರತೈತಿ. ಅದನ್ನ ಬಿಡಸೂದು ನನಗ ಪರವಡಸೂದಿಲ್ರಿ."

ಪರವಡಿಸುವುದಿಲ್ಲ. ನಮ್ಮ ಕಡೆ ಸಂತೆಯಲ್ಲಿ, ಬೆಲೆ ಹೆಚ್ಚಾದಾಗ ಹೇಳುವ ಮಾತು. ಮಗಳ ನಗುವಿನ ಬಗ್ಗೆ ಯಾರಾದರೂ ಅದನ್ನು ಬಳಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸವಿತಾ ಕಪ್ಪುಗಳನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಅತ್ತಳೋ ನಕ್ಕಳೋ, ನಾನು ಹಿಂದೆ ಹೋಗಿ ನೋಡಲಿಲ್ಲ.

ತಿಳಿಸುತ್ತೇವೆ ಎಂದು ಹೇಳಿ ಬಂದವರು ಎದ್ದು ಹೋದರು. ತಿಳಿಸಿದರು ಕೂಡ. ಮಧ್ಯಸ್ಥರ ಮೂಲಕ ಬಂದ ಉತ್ತರ ಇಷ್ಟು: ಹುಡುಗಿ ಬಹಳ ಚೆಂದ ಇದ್ದಾಳೆ, ಆದರೆ ಹುಡುಗಿಯ ಅಪ್ಪ ಇಂಗ್ಲಿಷ್ ಜಾಸ್ತಿ ಮಾತಾಡುತ್ತಾನೆ.

ಕಾಕು ಗಂಡನ ಜೊತೆ ಮಾತು ಬಿಟ್ಟಳು. ಕಾಕಾ ನನಗೆ ಫೋನ್ ಮಾಡಿದ.

"ನಾ ಕೆಡಿಸಿದ್ನೇನವ್ವಾ?" ದನಿ ಸಣ್ಣದಾಗಿತ್ತು. "ಆಕಿಗೆ ಮನಸಿತ್ತೋ ಏನೋ. ನಾ ಕೇಳಲೇ ಇಲ್ಲ."

ಉತ್ತರ ಬಂದಿದ್ದು ಸವಿತಾಳಿಂದ. ಮುಂದಿನ ವಾರ ಕಾಲೇಜಿನಿಂದ ಬರುತ್ತ ಗೋಕಾಕದಲ್ಲಿ ಬಸ್ಸು ಬದಲಿಸುವಾಗ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು.

"ಅಕ್ಕಾ, ಇವತ್ತ ಹಾಳಿ ನೋಡಲಾರ್ದ ಪೂರಾ ಕ್ಲಾಸ್ ಮಾಡೇನಿ. ಎಲ್ಲಾ ಇಂಗ್ಲಿಷಿನ್ಯಾಗ."

"ಏನ್ ಪಾಠ?"

"ಆಪರ್ಚುನಿಟಿ ಕಾಸ್ಟ್."

ಉದಾಹರಣೆಗೆ ಒಬ್ಬ ಅಪ್ಪನ ಕತೆ ಹೇಳಿದಳಂತೆ, ಊರು ಹೆಸರು ಬದಲಿಸಿ. ವ್ಯಾಕರಣ ಅಲ್ಲಲ್ಲಿ ಕುಂಟಿತು, ಆದರೆ ಅವಳು ನಿಲ್ಲಲಿಲ್ಲ. ಹಿಂದಿನ ಬೆಂಚು ನಗಲಿಲ್ಲ.

"ಅಪ್ಪಗ ಹೇಳಿದಿ?"

"ಆಗಳೇ ಫೋನ್ ಮಾಡಿ ಹೇಳಿದ್ನಿ. ಸುಮ್ನ ಕೆಮ್ಮಿದ."

ಚಹಾ ಕುಡಿಯುತ್ತ ಇನ್ನೊಂದು ಮಾತು ಹೇಳಿದಳು. ಕತೆ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮ್ಯಾಡಂ, ವಾಟ್ ಡಿಡ್ ದ ಬಾಯ್ ಸೇ?" ಎಂದು ಕೇಳಿದಳಂತೆ.

"ನೀ ಏನಂದಿ?"

"ನಥಿಂಗ್ ಅಂದ್ನಿ. ಖರೇನ ಆಂವ ಏನೂ ಅನ್ಲಿಲ್ಲಲ್ಲ ಅಕ್ಕಾ."

ಅವತ್ತು ಪಡಸಾಲೆ ತುಂಬ ಹಿರಿಯರೇ ಇದ್ದೆವು, ಆ ಪ್ರಶ್ನೆ ನಮ್ಮಲ್ಲಿ ಒಬ್ಬರಿಗೂ ಯಾಕೆ ಹೊಳೆಯಲಿಲ್ಲ?